ಬೆನ್ನುಮೂಳೆ ಸವೆತಕ್ಕೆ ಕಷಾಯ, ಹಾಸಿಗೆ: ಸತ್ಯಾಂಶ ಏನು?

ಮುಂಬೈ ಭಾಗದ ಡೊಂಬಿವಲಿ, ಮಾಟುಂಗಾ ಕಡೆ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಸುತ್ತುತ್ತಾನೇ ಇರತ್ತೆ, ಬೆನ್ನುಮೂಳೆ ಸವೆದಿದ್ರೆ ನಡಿಯೋದು ಬಿಟ್ಟು ಮಲಗಿ, ಕಷಾಯ ಕುಡೀರಿ, ಸವೆದಿದ್ದು ಮತ್ತೆ ಬೆಳಿಯತ್ತೆ ಅಂತ. ಎರಡೂ ತಪ್ಪು. ಕಳ್ಸೋರು ಕಾಳಜಿಯಿಂದ್ಲೇ ಕಳಿಸ್ತಾರೆ, ನೋವು ಅಷ್ಟು ಕಾಡತ್ತಲ್ಲ.

ಇಲ್ಲಿ ಮುಖ್ಯವಾಗಿ ಸವೆಯೋದು ಬೆನ್ನಿನ ಹಿಂಭಾಗದ ಸಣ್ಣ ಕೀಲುಗಳ ಕಾರ್ಟಿಲೇಜ್ (ಮೂಳೆ ತುದಿಯ ನುಣುಪಾದ ಹೊದಿಕೆ), ಜೊತೆಗೆ ಮೂಳೆಗಳ ಮಧ್ಯೆ ಮೆತ್ತೆ ಥರ ಇರೋ ಡಿಸ್ಕ್ ಕೂಡ ತೆಳ್ಳಗಾಗತ್ತೆ. ಅದನ್ನ ವಾಪಸ್ ಬೆಳೆಸೋ ಕಷಾಯ, ಎಣ್ಣೆ ಯಾವುದೂ ಸಾಬೀತಾಗಿಲ್ಲ. ಆದ್ರೆ ರಿಪೋರ್ಟ್ ನೋಡಿ ಗಾಬರಿನೂ ಬೇಡ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಬಂದ ಒಂದು ವಿಮರ್ಶೆಯಲ್ಲಿ, 20ರ ವಯಸ್ಸಿನವರಲ್ಲೇ ಶೇ. 37, 80ರವರಲ್ಲಿ ಶೇ. 96 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಸವೆತ ಇದ್ದ ಮಾತ್ರಕ್ಕೆ ನೋವು ಇರ್ಲೇಬೇಕು ಅಂತಿಲ್ಲ.

ದಿನಗಟ್ಲೆ ಮಲಗಿದ್ರೆ ಸ್ನಾಯು ಸೋತು ಬಿಗಿತ ಹೆಚ್ಚಾಗತ್ತೆ. ತಡಕೊಳ್ಳೋವಷ್ಟು ನಡಿಗೆ, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ, ತೂಕದ ಮೇಲೆ ಗಮನ, ಬಿಸಿ ಶಾಖ, ಇವೇ ಉಪಯೋಗಕ್ಕೆ ಬರೋದು. ನೋವಿನ ಮಾತ್ರೆ ಮಾತ್ರ ಡಾಕ್ಟರ್ ಕೇಳಿ, ಬಿಪಿ, ಕಿಡ್ನಿ ತೊಂದ್ರೆ ಇರೋರಂತೂ ಖಂಡಿತ.

ಇಂಥ ಮೆಸೇಜ್ ಬಂದ್ರೆ ಬರೆದೋರು ಯಾರು, ಯಾವ ವರ್ಷದ್ದು, ಪೂರ್ತಿ ವಾಸಿ ಅಂತ ಗ್ಯಾರಂಟಿ ಕೊಡ್ತಿದ್ಯಾ, ಕೊನೆಗೆ ಏನಾದ್ರೂ ಮಾರ್ತಿದ್ಯಾ ನೋಡಿ, ಆಮೇಲೆ ಅದನ್ನೇ ನಿಮ್ಮ ಡಾಕ್ಟರಿಗೆ ತೋರಿಸಿ. ಕಾಲಲ್ಲಿ ಬಲ ಕಡಿಮೆಯಾದ್ರೆ, ತೊಡೆ ಸಂದಿ ಜೋಮು ಹಿಡಿದ್ರೆ, ಮೂತ್ರ ಹಿಡಿತ ತಪ್ಪಿದ್ರೆ ಮಾತ್ರ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.