ಬೇರೆಯವರ ಅಳತೆಗೆ ಹೊಲಿದ ಹಾಡುಗಳು

ಫ್ರೆಂಚ್ ಹಾಡು ಅಂದರೆ ಎಡಿತ್ ಪಿಯಾಫ್‌ಗೇ ನಿಂತುಬಿಡುವವರು ಝಾಂ-ಝಾಕ್ ಗೋಲ್ಡ್‌ಮನ್ ಹೆಸರು ಕೇಳಿರಲಿಕ್ಕಿಲ್ಲ. ಅಲ್ಜೀರಿಯಾದ ಗಾಯಕ ಖಾಲೆದ್ ಹಾಡಿದ ‘ಆಯಿಶಾ’ ಕೇಳಿದ್ದೀರಿ ತಾನೆ? 1996ರ ಆ ಹಾಡಿನ ಫ್ರೆಂಚ್ ಸಾಲುಗಳು, ರಾಗ ಎರಡೂ ಈತನವೇ. ಒಡವೆ ನೀನೇ ಇಟ್ಟುಕೋ, ನಿನಗಿರುವ ಹಕ್ಕು ನನಗೂ ಬೇಕು ಎನ್ನುತ್ತಾಳೆ ಅದರೊಳಗಿನ ಹೆಣ್ಣು. ಕುಣಿಯುವ ಗದ್ದಲದಲ್ಲಿ ಆ ಮಾತು ಯಾರ ಕಿವಿಗೂ ಬೀಳುವುದಿಲ್ಲ, ಬಿಡಿ.

ಗೋಲ್ಡ್‌ಮನ್ ಹುಟ್ಟಿದ್ದು 1951ರಲ್ಲಿ, ಪ್ಯಾರಿಸ್‌ನಲ್ಲಿ. ಎಪ್ಪತ್ತರ ದಶಕದಲ್ಲಿ ತಾಯ್ ಫೊಂಗ್ ಎಂಬ ರಾಕ್ ತಂಡದಲ್ಲಿ ಹಾಡುತ್ತಿದ್ದ, ಅದೂ ಇಂಗ್ಲಿಷ್‌ನಲ್ಲಿ. ಹೊಟ್ಟೆಪಾಡಿಗೆ ಪ್ಯಾರಿಸ್ ಪಕ್ಕದ ಮೊಂರೂಜ್‌ನಲ್ಲಿ ಮನೆಯವರ ಕ್ರೀಡಾ ಸಾಮಾನಿನ ಅಂಗಡಿ. 1981ರ ಮೊದಲ ಸ್ವಂತ ಆಲ್ಬಮ್‌ಗೆ ‘ಹಳೇ ಫ್ಯಾಶನ್’ ಎಂಬರ್ಥದ ಹೆಸರಿಡಲು ಹೊರಟ, ಕಂಪನಿ ಒಪ್ಪಲಿಲ್ಲ. ಎರಡನೆಯದಕ್ಕೆ ‘ಅಲ್ಪಸಂಖ್ಯಾತ’ ಎಂದ, ಅದೂ ಬೇಡವಾಯಿತು. ಎರಡೂ ಹೆಸರಿಲ್ಲದೆಯೇ ಬಂದವು, ಎರಡೂ ಗೆದ್ದವು. ವಿಮರ್ಶಕರು ಮಾತ್ರ ಚೆನ್ನಾಗಿ ಉಗಿದರು. ಆ ಬೈಗುಳಗಳನ್ನೆಲ್ಲ ಒಟ್ಟುಮಾಡಿ, ಸ್ವಂತ ದುಡ್ಡಿನಲ್ಲಿ ಪತ್ರಿಕೆಯ ಇಡೀ ಪುಟ ಜಾಹೀರಾತು ಹಾಕಿಸಿ, ಕೇಳುಗರಿಗೆ ಥ್ಯಾಂಕ್ಸ್ ಹೇಳಿದ ಭೂಪ ಈತ.

ಫ್ರೆಂಚ್‌ನಲ್ಲಿ ರಾಕ್ ಕಟ್ಟುವುದು ಯಾಕೆ ಕಷ್ಟ ಅಂದರೆ, ಇಂಗ್ಲಿಷ್‌ನಲ್ಲಿ ಪದಪದಕ್ಕೂ ಒತ್ತು ಇದೆ, ಡ್ರಮ್ಮಿನ ಏಟಿಗೆ ಸಿಕ್ಕಿಸಬಹುದು. ಫ್ರೆಂಚ್‌ನಲ್ಲಿ ಒತ್ತು ಬೀಳುವುದು ಪದಗುಚ್ಛದ ತುದಿಗೆ. ನಡುವೆ ಏಟು ಕೊಟ್ಟರೆ ಮಾತು ಮುಗ್ಗರಿಸುತ್ತದೆ. 1982ರ ‘ಕಮ್ ತ್ವಾ’ (ನಿನ್ನ ಹಾಗೆ) ಗಮನಿಸಿ: ‘ಕಮ್’ ಹಗುರ, ‘ತ್ವಾ’ ಮೇಲೆ ಭಾರ. ಪಲ್ಲವಿ ನಿಂತಿರುವುದು ಈ ಎರಡೇ ಉಚ್ಚಾರಗಳ ಮೇಲೆ. ನಾಜಿಗಳ ಕಾಲದ, ಎಂಟು ತುಂಬದ ಸಾರಾ ಎಂಬ ಯಹೂದಿ ಹುಡುಗಿಯ ಕಥೆ ಅದು. ಯುದ್ಧ, ನಾಜಿ ಎಂಬ ಪದ ಒಂದೂ ಇಲ್ಲ. ಬೇರೆ ಯಾರೋ ಬೇರೆ ತೀರ್ಮಾನ ಮಾಡಿದರು ಅನ್ನುತ್ತದೆ ಹಾಡು, ಅಷ್ಟೇ.

ಹಾಡಿ ನೋಡುವವರು ಎಡವುವುದು ಮೂಗಿನ ಸ್ವರದಲ್ಲಿ. ‘ಕಾಂ ಲಾ ಮ್ಯೂಝೀಕ್ ಎ ಬೊನ್’ ಹಾಡಿನಲ್ಲಿ ‘ಕಾಂ’ ಮೂಗಿನಲ್ಲೇ ಮುಗಿಯಬೇಕು, ನಾಲಿಗೆ ಹಲ್ಲಿಗೆ ತಾಗಕೂಡದು. ಕೊನೆಯ ‘ಬೊನ್’ನಲ್ಲಿ ತಾಗಲೇಬೇಕು, ಪ್ರಾಸವೆಲ್ಲ ಆ ‘ನ್’ ಮೇಲಿದೆ. ಕನ್ನಡದ ಬಾಯಿ ಎರಡನ್ನೂ ಒಂದೇ ಮಾಡಿಬಿಡುತ್ತದೆ.

ನನ್ನ ಲೆಕ್ಕದಲ್ಲಿ ಈತ ಹಾಡುಗಾರನಿಗಿಂತ ದೊಡ್ಡ ದರ್ಜಿ. 1987ರ ‘ಲಾ-ಬಾ’ದಲ್ಲಿ ಅವನು ದೂರ ಹೋಗುತ್ತೇನೆ ಅನ್ನುತ್ತಾನೆ, ಅವಳು ಬೇಡ ಅನ್ನುತ್ತಾಳೆ. ಅವಳ ದನಿ ಸಿರಿಮಾಳದು. ಪ್ಯಾರಿಸ್ ಮೆಟ್ರೋದಲ್ಲಿ ಹಾಡುತ್ತಿದ್ದ, ಶ್ರೀಲಂಕಾ ಮೂಲದ ತಂದೆಯ ಮಗಳು. 1989ರಲ್ಲಿ ಅವಳ ಕೊಲೆಯಾಯಿತು. 1990ರಲ್ಲಿ ಕ್ಯಾರೊಲ್ ಫ್ರೆಡರಿಕ್ಸ್, ಮೈಕೆಲ್ ಜೋನ್ಸ್ ಜೊತೆ ಮೂವರ ಆಲ್ಬಮ್. ಅದರ ‘ಲೈಡೆನ್‌ಸ್ಟಾಟ್’ ಹಾಡಿನ ಧೈರ್ಯ ನೋಡಿ. ಯಹೂದಿ ಮನೆಯ ಗೋಲ್ಡ್‌ಮನ್, 1917ರಲ್ಲಿ ಜರ್ಮನ್ ಊರಲ್ಲಿ ಹುಟ್ಟಿದ್ದರೆ ನಾನು ಆ ನಾಜಿ ಕಾಲದ ಜರ್ಮನ್ನರಿಗಿಂತ ಒಳ್ಳೆಯವನಾಗಿರುತ್ತಿದ್ದೆನೇ ಅಂತ ಕೇಳಿಕೊಳ್ಳುತ್ತಾನೆ. ಜೋನ್ಸ್, ಪ್ರಾಟೆಸ್ಟೆಂಟ್-ಕ್ಯಾಥೊಲಿಕ್ ಜಗಳದ ಬೆಲ್‌ಫಾಸ್ಟ್ ಹೆಸರೆತ್ತುತ್ತಾನೆ. ಕಪ್ಪು ಗಾಯಕಿ ಫ್ರೆಡರಿಕ್ಸ್, ಜೊಹಾನ್ಸ್‌ಬರ್ಗಿನಲ್ಲಿ ಬಿಳಿಯಳಾಗಿ, ಸಿರಿವಂತಳಾಗಿ ಹುಟ್ಟಿದ್ದರೆ ಅನ್ನುತ್ತಾಳೆ. ಯಾವ ಸಾಲು ಯಾರ ಬಾಯಲ್ಲಿ ಬರಬೇಕು ಅನ್ನುವುದರಲ್ಲೇ ಅರ್ಧ ಹಾಡಿದೆ.

1995ರಲ್ಲಿ ಸೆಲಿನ್ ಡಿಯೋನ್‌ಗೆ ‘ದು’ ಆಲ್ಬಮ್ ಮಾಡಿಕೊಟ್ಟ. ಫ್ರೆಂಚ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಅದೇ. ಅಷ್ಟು ದೊಡ್ಡ ಗಂಟಲಿನವಳಿಗೆ ಕಡಿಮೆ ಹಾಡು ಅಂದ. ‘ಪುರ್ ಕ ತ್ಯು ಮೆಮ್ ಆಂಕೋರ್’ ಶುರುವಾಗುವುದು ಹೆಚ್ಚುಕಡಿಮೆ ಮಾತಿನ ಹಾಗೆ. ಆಕೆಯ ಅದಕ್ಕೂ ಮುಂಚಿನ ಇಂಗ್ಲಿಷ್ ಹಾಡೊಂದನ್ನು ಹಾಕಿ, ಆಮೇಲೆ ಇದನ್ನು ಹಾಕಿ, ವ್ಯತ್ಯಾಸ ಗೊತ್ತಾಗುತ್ತದೆ.

ಕೊನೆಯ ಸ್ಟುಡಿಯೋ ಆಲ್ಬಮ್ 2001ರದ್ದು, ಕೊನೆಯ ಪ್ರವಾಸ 2002ರದ್ದು. ಹುಡುಕುವಾಗ ಒಂದು ಎಚ್ಚರ: 2012ರಿಂದ ಬಂದ ‘ಜೆನೆರಾಸ್ಯೋಂ ಗೋಲ್ಡ್‌ಮನ್’ ಬೇರೆಯವರು ಮರುಹಾಡಿದ್ದು. ಮೊದಲು ಮೂಲವನ್ನೇ ಕೇಳಿ, ‘ಕಮ್ ತ್ವಾ’ದಿಂದ ಶುರುಮಾಡಿ, ಅನುವಾದ ಪಕ್ಕದಲ್ಲಿರಲಿ.