ಸತ್ಯಾಂಶ: ಬೇಸ್ ಗಿಟಾರಿಗೆ 15 ಇಂಚಿನ ಸ್ಪೀಕರೇ ಬೇಕೆ?

ಹತ್ತು ಇಂಚಿನ ಸ್ಪೀಕರಿನಿಂದ ತಗ್ಗಿನ ಸ್ವರ ಹೊರಡದು, ಬೇಸ್‌ಗೆ 15 ಇಂಚಿನದೇ ಆಗಬೇಕು ಎಂಬ ಸಂದೇಶ ಸಂಗೀತಗಾರರ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ದೊಡ್ಡ ಕೋನ್ (ಸ್ಪೀಕರಿನಲ್ಲಿ ಅದುರುವ ಶಂಕುವಿನಾಕಾರದ ಭಾಗ) ಹೆಚ್ಚು ಗಾಳಿಯನ್ನು ತಳ್ಳುತ್ತದೆ ಎಂಬುದು ನಿಜವಾದ್ದರಿಂದ ಹಾಗೆ ನಂಬುವುದು ಸಹಜ. ಆದರೂ ಅದು ಸರಿಯಲ್ಲ.

1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಆಂಪ್ಲಿಫಯರ್ ಜೊತೆಗಿದ್ದ ಪೆಟ್ಟಿಗೆಗಳಲ್ಲಿ ಎಂಟೆಂಟು ಹತ್ತು ಇಂಚಿನ ಸ್ಪೀಕರುಗಳಿದ್ದವು. ರಾಕ್ ವೇದಿಕೆಗಳಲ್ಲಿ ದಶಕಗಳಿಂದ ಮೊಳಗುತ್ತಿರುವುದು ಅದೇ ಬಗೆಯ ಪೆಟ್ಟಿಗೆ. ಕೋನ್‌ನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ವರ್ಗ ಹಾಕಿ ನೋಡಿ: ಎರಡು ಹತ್ತು ಇಂಚಿನವು 200, ಒಂದು 15 ಇಂಚಿನದು 225. ವ್ಯತ್ಯಾಸ ಅಲ್ಪ. ಎಂಟು ಸೇರಿದರೆ 800.

ತಗ್ಗು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಪೆಟ್ಟಿಗೆಯ ಗಾತ್ರ, ಅದರ ಗಾಳಿಕಿಂಡಿ, ಕೋನ್ ಹಿಂದೆಮುಂದೆ ಚಲಿಸುವ ದೂರ ಎಲ್ಲವೂ ಸೇರಿ ನಿರ್ಧರಿಸುತ್ತವೆ. ನಾಲ್ಕು ತಂತಿಯ ಬೇಸ್‌ನ ಅತಿ ತಗ್ಗಿನ ಸ್ವರ ಸುಮಾರು 41 ಹರ್ಟ್ಸ್; ಅದರ ದುಪ್ಪಟ್ಟಾದ 82ರ ಸುತ್ತಲಿನ ಧ್ವನಿಯೇ ಕಿವಿಗೆ ಹೆಚ್ಚಾಗಿ ತಾಗುವುದೂ ಉಂಟು.

ಪರೀಕ್ಷಿಸಲು ತಯಾರಕರ ವಿವರಪಟ್ಟಿಯೇ ಸಾಕು. ತಗ್ಗಿನ ಕಡೆಗೆ ಧ್ವನಿ ಮೂರು ಡೆಸಿಬೆಲ್ (ಸದ್ದಿನ ಅಳತೆ) ಇಳಿಯುವ ಆವರ್ತನ ಎಷ್ಟೆಂದು ಹುಡುಕಿ. ಇಳಿತವನ್ನು ಹೇಳದೆ ಬರೀ ಹರ್ಟ್ಸ್ ಕೊಟ್ಟಿದ್ದರೆ ಆ ಅಂಕಿಯನ್ನು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಳಿಕ ಸೂಕ್ಷ್ಮತೆ, ಅಂದರೆ ಕೊಟ್ಟ ವ್ಯಾಟ್‌ಗೆ ಎಷ್ಟು ಸದ್ದು ಹೊರಡುತ್ತದೆ ಎಂಬುದನ್ನು, ನೋಡಿ: ಮೂರು ಡೆಸಿಬೆಲ್ ಕಡಿಮೆಯಿದ್ದರೆ ಅಷ್ಟೇ ಸದ್ದಿಗೆ ದುಪ್ಪಟ್ಟು ವ್ಯಾಟ್ ಬೇಕು. ಅಂಗಡಿಯಲ್ಲಾದರೆ ಒಂದೇ ಆಂಪ್ಲಿಫಯರಿಗೆ ಎರಡೂ ಪೆಟ್ಟಿಗೆಗಳನ್ನು ಸರದಿಯಲ್ಲಿ ಜೋಡಿಸಿ, ಸದ್ದನ್ನು ಸಮಗೊಳಿಸಿ ಕೇಳಿ. ಗಟ್ಟಿಯಾಗಿ ನುಡಿಯುವುದೇ ಒಳ್ಳೆಯದೆಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ.