ಭಾವನ ಗುರಿ, ಅಪ್ಪಯ್ಯನ ಅಡಿಕೆ

ಡಿಸೆಂಬರ್ ತಿಂಗಳಲ್ಲಿ ಸಿರಸಿ ಕಡೆಯ ಮನೆಗಳ ಅಂಗಳ ಇರುವುದು ಅಡಿಕೆಗೆ, ಮನುಷ್ಯರಿಗಲ್ಲ. ಇದು ನಮ್ಮ ಮನೆಯ ನಾಯಿಗೂ ಗೊತ್ತು. ಬೆಂಗಳೂರಿನ ಭಾವನಿಗೆ ಗೊತ್ತಿರಲಿಲ್ಲ. ಕ್ರಿಸ್‌ಮಸ್ ರಜೆಗೆ ಬಂದವರು ಜಗಲಿಯಲ್ಲಿ ಕೂತು, "ಮಕ್ಕಳು ಮೊಬೈಲ್ ಬಿಡೋದೇ ಇಲ್ಲ. ಕಾರ್ನ್‌ಹೋಲ್ ಮಾಡಿಬಿಡೋಣ" ಎಂದರು.

ಅದು ಅಮೆರಿಕದವರು ಹಿತ್ತಿಲಲ್ಲಿ ಆಡುವ ಆಟ. ಎರಡಡಿ ಅಗಲ, ನಾಲ್ಕಡಿ ಉದ್ದದ ಹಲಗೆ. ಹಿಂದಿನ ತುದಿ ನೆಲದಿಂದ ಒಂದಡಿ ಎತ್ತರ, ಮುಂದೆ ತಗ್ಗು. ಮೇಲುಗಡೆ 6 ಇಂಚಿನ ತೂತು. ದೂರ ನಿಂತು ಕಾಳಿನ ಚೀಲ ಎಸೆಯಬೇಕು. ತೂತಿಗೆ ಬಿದ್ದರೆ 3 ಅಂಕ, ಹಲಗೆ ಮೇಲೆ ನಿಂತರೆ 1. ಮೊದಲು 21 ಮುಟ್ಟಿದವರು ಗೆದ್ದರು. ಕೇಳೋಕೆ ಸಲೀಸು, ಅಲ್ವಾ?

ಭಾವ ಮೊದಲು ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿದರು. ದಬ್ಬೆ ಪುಕ್ಕಟೆ ಸಿಗುತ್ತದೆ, ಸರಿ. ತೂತು ಕೊರೆಯಲು ಹೊರಟರೆ ಉದ್ದಕ್ಕೂ ಸೀಳಿತು. ಅಂಗೈಗೆ ಸಿಬಿರು ಹೊಕ್ಕು, ಆಯಿ ಸೂಜಿ ಹಿಡಿದು ಬಂದಳು.

ಕಡೆಗೆ ಆಚಾರಿಯೇ ಬರಬೇಕಾಯಿತು. ಅಟ್ಟದ ಮೇಲಿದ್ದ ಹಳೇ ಪ್ಲೈವುಡ್ ಇಳಿಸಿ, ತುಪ್ಪದ ಡಬ್ಬದ ಮುಚ್ಚಳ ಇಟ್ಟು ಗೆರೆ ಎಳೆದು, ದುಂಡಗೆ ಕೊರೆದುಕೊಟ್ಟ. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಪಾಯಿಖಾನೆಗೆ ಆದ್ರೆ ತೂತು ಸಣ್ಣ ಆಯ್ತು, ಹೆಗಡೇರೇ" ಎಂದ.

ಚೀಲದ ಕತೆ ಬೇರೆ. 6 ಇಂಚಿನ ಚೌಕ, ತಲಾ ಸುಮಾರು 450 ಗ್ರಾಂ, ಎರಡು ಬಣ್ಣದಲ್ಲಿ ನಾಲ್ಕು ನಾಲ್ಕು. ಒಳಗೆ ಗೋವಿನಜೋಳ. ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಟ್ಟು ಅಕ್ಕ ಅಚ್ಚುಕಟ್ಟಾಗಿ ಹೊಲಿದಳು. ನೀಲಿ ಬಟ್ಟೆ ಎಲ್ಲಿಂದ ಬಂತು ಅಂತ ತಿಳಿದದ್ದು, ಭಾವ ಪೇಟೆಗೆ ಹೊರಟು ಜೀನ್ಸ್ ಹುಡುಕಿದಾಗ. ಇನ್ನು, ಜೋಳದ ಚೀಲವನ್ನು ರಾತ್ರಿ ಕೊಟ್ಟಿಗೆ ಕಟ್ಟೆಯ ಮೇಲೆ ಇಡಬಾರದು ಅಂತ ಯಾವ ಅಮೆರಿಕದವನೂ ಹೇಳಿರಲಿಲ್ಲ. ಬೆಳಿಗ್ಗೆ ಆಯಿ ಕರುವಿನ ದವಡೆಗೆ ಕೈ ಹಾಕಿ ಎಳೆದಳು. ಜೊಲ್ಲು ಸುರಿಯುವ ಜೀನ್ಸ್ ತುಂಡು ಬಂತು, ತುದಿಯಲ್ಲಿ ಕಂಪನಿಯ ಚರ್ಮದ ಚೀಟಿ ಇನ್ನೂ ಗಟ್ಟಿಯಾಗಿತ್ತು. ಒಳ್ಳೆ ಮಾಲು, ಸುಮ್ನೆ ಹೇಳಬಾರದು. ಕರುವಿಗೆ ಏನೂ ಆಗಲಿಲ್ಲ. ಭಾವನ ಮುಖ ನೋಡುವ ಹಾಗಿರಲಿಲ್ಲ.

ಉಳಿದ ಚೀಲದಲ್ಲೇ ಆಟ ಅಂತಾಯಿತು. ಎರಡು ಹಲಗೆಗಳ ನಡುವೆ 27 ಅಡಿ ಇರಬೇಕಂತೆ. ನಮ್ಮ ಪ್ಲೈವುಡ್‌ನಲ್ಲಿ ಆದದ್ದು ಒಂದೇ ಹಲಗೆ. ಅದನ್ನು ಅಂಗಳದ ಆ ತುದಿಗಿಟ್ಟು ಈ ತುದಿಯಿಂದ ಎಸೆಯೋಣವೆಂದರೆ, ನಡುವೆ ತುಂಬ ಚಾಲಿಗೆಂದು, ಅಂದರೆ ಬಿಸಿಲಲ್ಲಿ ಇಡಿಯಾಗಿ ಒಣಗಿಸಲು, ಹರವಿದ ಹಣ್ಣಾದ ಗೋಟಡಿಕೆ. ಅದು ಒಣಗಲು 40-45 ದಿನ ಬೇಕು, ಆಗಾಗ ಮೇಲೆ ಕೆಳಗೆ ಮಾಡುತ್ತಲೂ ಇರಬೇಕು. ಅಪ್ಪಯ್ಯ ಬೇಡ ಅನ್ನಲಿಲ್ಲ. ಒಂದು ನಿಯಮ ಮಾತ್ರ ಸೇರಿಸಿದರು: ಚೀಲ ಅಡಿಕೆ ಮೇಲೆ ಬಿದ್ದರೆ, ಎಸೆದವರು ಆ ಸಾಲನ್ನು ಪೂರ್ತಿ ಕಾಲಲ್ಲಿ ತಿರುವಿ ಬರಬೇಕು.

ಮಕ್ಕಳ ಗುರಿ ಬೇಗ ಕುದುರಿತು. ಭಾವನದ್ದು ಕುದುರಲಿಲ್ಲ. ಜೀನ್ಸ್ ಹೋದ ಮೇಲೆ ಅಪ್ಪಯ್ಯನ ಪಂಚೆಯೇ ಗತಿ. ಅದನ್ನೇ ಎತ್ತಿ ಕಟ್ಟಿಕೊಂಡು ಬಿಸಿಲಲ್ಲಿ ಅಡಿಕೆ ತಿರುವುತ್ತಿದ್ದರು. ಎಲೆಯಡಿಕೆ ಕವಳ ಹಾಕಲು ಬಂದ ಆಚೆಮನೆಯವರು ಜಗಲಿಯಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಅಳಿಯಂದಿರು ಎಷ್ಟು ದಿನ ಇರ್ತಾರೆ?"

"ಚಾಲಿ ಒಣಗೋವರೆಗೆ ಇದ್ರೆ ಚೊಲೋ ಆಗ್ತಿತ್ತು" ಎಂದರು ಅಪ್ಪಯ್ಯ.

ಆಚೆಮನೆಯವರು ಕವಳ ಉಗಿದು ಬಂದು, ದನಿ ತಗ್ಗಿಸಿ ಕೇಳಿದರು. "ಆ ಹಲಗೆ ನಮ್ಮನೆಗೆ ಎರಡು ದಿನ ಕೊಡಬಹುದಾ? ಇವರನ್ನೂ ಜೊತೆಗೆ ಕಳಿಸಿ."